ತಟ್ಟೆಯಂಚಿನ ನೀರು

ತಣ್ಣಗಿದೆ ಟೊಮೆಟೊ, ಫ್ರಿಜ್ಜಿನಿಂದ ಈಗಷ್ಟೇ ತೆಗೆದದ್ದು, ಅಂಗೈ ಜುಂ ಅನ್ನುವಷ್ಟು ತಣ್ಣಗೆ — ಬೇಕಂತಲೇ ಇಟ್ಟದ್ದು, ನಿನ್ನೆ ಅದನ್ನು ಒಳಗಿಟ್ಟು ಬಾಗಿಲು ಹಾಕುವಾಗ ಕಳ್ಳತನ ಮಾಡಿದವಳ ಹಾಗೆ ಎದೆ ಹೊಡೆದುಕೊಂಡಿತ್ತು ಇವಳಿಗೆ, ಈ ವಯಸ್ಸಿನಲ್ಲಿ, ಯಾಕೆಂದರೆ ಅಕ್ಕನ ಅಡುಗೆಮನೆಯಲ್ಲಿ ಟೊಮೆಟೊವನ್ನು ಫ್ರಿಜ್ಜಿಗಿಟ್ಟವರು ಉಳಿದದ್ದೇ ಇಲ್ಲ, ಕೊಂದುಬಿಟ್ಯಲ್ಲೇ ಅದನ್ನ, ರುಚಿ ಎಲ್ಲಾ ಸತ್ತೋಯ್ತು, ತಗೊಂಡೋಗಿ ಚೆಂಡಾಟ ಆಡು ಹೋಗು ಅನ್ನುತ್ತಿದ್ದಳು ಅಕ್ಕ, ಅನ್ನುತ್ತಿದ್ದಳು, ಈಗ ಮೇಜಿನಾಚೆ ಗಾಲಿಕುರ್ಚಿಯಲ್ಲಿ ಕೂತಿದ್ದಾಳೆ, ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿದೆ, ಎಡಗೈ ಮೇಜಿನ ಮೇಲೆ, ತನ್ನ ಹೋಟೆಲಿನಲ್ಲಿ ಗಲ್ಲಾದ ಹಿಂದೆ ಕೂತು ಎಲ್ಲರ ತಟ್ಟೆಯನ್ನೂ ನೋಡುತ್ತಿದ್ದಳಲ್ಲ, ಅದೇ ಭಂಗಿ, ಕಣ್ಣು ಮಾತ್ರ ಕಿಟಕಿಯ ಕಡೆ. ನೋಡಕ್ಕಾ, ಫ್ರಿಜ್ಜಲ್ಲಿಟ್ಟಿದ್ದೆ ಇದನ್ನ, ಐಸ್ ಆಗ್ಬಿಟ್ಟಿದೆ, ಪರವಾಗಿಲ್ವಾ — ಇವಳು ಟೊಮೆಟೊವನ್ನು ಅಕ್ಕನ ಮೂಗಿನ ತನಕ ಒಯ್ದು ಹಿಡಿದಳು. ಅಕ್ಕ ಟೊಮೆಟೊ ನೋಡಿದಳು, ತಂಗಿಯ ಮುಖ ನೋಡಿದಳು, ಆಯ್ತು ಅಂದಳು.

ಆಯ್ತು, ಹಾಳಾದ ಆಯ್ತು, ಸ್ಟ್ರೋಕ್ ಆಗಿ ಬಿದ್ದ ಬೆಳಗಿನಿಂದ ಅಕ್ಕನ ಬಾಯಲ್ಲಿ ಉಳಿದಿರುವುದು ಇದೊಂದೇ ಮಾತು, ಕಾಫಿ ಬೇಕಾ ಆಯ್ತು, ಬೇಡ್ವಾ ಆಯ್ತು, ನೋವಾಗ್ತಿದ್ಯಾ ಆಯ್ತು, ಅದೂ ಯಾರ ಬಾಯಲ್ಲಿ, ಹುಟ್ಟಿದಾಗಿನಿಂದ ಒಬ್ಬರಿಗೂ ಆಯ್ತು ಅನ್ನದ ಹೆಂಗಸಿನ ಬಾಯಲ್ಲಿ, ಮದುವೆಗೆ ಒಪ್ಪಿಗೆನಾ ಅಂತ ಕೇಳಿದರೆ ನೋಡೋಣ ಅಂದಿದ್ದಳಂತೆ, ಭಾವ ಇರುವಷ್ಟು ದಿನ ಅದನ್ನೇ ಹೇಳಿಕೊಂಡು ನಗುತ್ತಿದ್ದರು, ಇನ್ನೂ ನೋಡ್ತಾನೇ ಇದ್ದಾಳೆ ನಿಮ್ಮಕ್ಕ — ಚಾಕು ಚರ್ಮದ ಮೇಲೆ ಜಾರಿತು, ಮೊಂಡು ಚಾಕು, ಅದೂ ಬೇಕಂತಲೇ ಆರಿಸಿದ್ದು, ಬೀಜವೆಲ್ಲ ಪಿಚಕ್ಕನೆ ಹಲಗೆಗೆ ಹಾರಿತು, ಅಕ್ಕ ಹುಬ್ಬು ಕೂಡ ಎತ್ತಲಿಲ್ಲ. ಮಾತು ಕಲಿಸಲು ಬರುವ ಡಾಕ್ಟರಮ್ಮ ಹೇಳಿಕೊಟ್ಟ ಉಪಾಯ ಇದು, ಅವರಿಗೆ ಚೆನ್ನಾಗಿ ಗೊತ್ತಿರೋ ಕೆಲಸ ಅವರ ಮುಂದೆ ತಪ್ಪುತಪ್ಪಾಗಿ ಮಾಡಿ, ತಿದ್ದೋಕಾದ್ರೂ ಬಾಯಿ ಬಿಡಬಹುದು, ಮತ್ತೆ ಅಕ್ಕನಿಗೆ ಈ ಸಾಲಡ್‌ಗಿಂತ ಚೆನ್ನಾಗಿ ಗೊತ್ತಿರುವುದು ಏನಿದೆ, ಟೊಮೆಟೊ, ಮೊಝರೆಲ್ಲಾ ಚೀಸು, ನಾಲ್ಕು ಎಲೆ, ಎಣ್ಣೆ, ಉಪ್ಪು, ಇಷ್ಟಕ್ಕೇ ಜನ ಹೋಟೆಲಿನ ಬಾಗಿಲಲ್ಲಿ ಸಾಲು ನಿಲ್ಲುತ್ತಿದ್ದರು. ಆ ಹೋಟೆಲ್ಲೇ ಇವತ್ತು ಕೈಬಿಟ್ಟು ಹೋಗುತ್ತದೆ. ಅಣ್ಣ, ಅಕ್ಕನಿಗೆ ತಮ್ಮ ಇವಳಿಗೆ ಅಣ್ಣ, ಮೊನ್ನೆ ಬಂದವನು ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕೇಳಿದ, ಅಕ್ಕಾ, ಹೋಟೆಲ್ ಬೇರೆಯವರಿಗೆ ಕೊಟ್ಬಿಡೋಣ್ವಾ, ಆಯ್ತು ಅಂದಳು, ಕೇಳಿದ್ಯಾ, ಅವಳೇ ಒಪ್ಪಿದ್ಳು ಅಂತ ಅವನು ಇವಳ ಕಡೆ ತಿರುಗಿದ. ಆನೆ ತಗೊಳ್ಳೋಣ್ವಾ ಅಂತ ಕೇಳು, ಅದಕ್ಕೂ ಆಯ್ತು ಅಂತಾಳೆ ಎಂದು ಇವಳು ರೇಗಿದ್ದಳು, ಹಾಗಾದ್ರೆ ಅವಳಿಗೆ ಏನೂ ಗೊತ್ತಾಗ್ತಿಲ್ಲ ಅಂತಾಯ್ತಲ್ಲಮ್ಮಾ, ಗೊತ್ತಾಗದವಳಿಗೆ ಹೋಟೆಲ್ ಯಾಕೆ, ಎಂದು ಅಣ್ಣ ಮೆಲ್ಲಗೆ ಕೇಳಿದ, ಪಾಪ ಅವನೇನು ಕೆಟ್ಟವನಲ್ಲ, ಮೆಟ್ಟಿಲಿಳಿಯುವಾಗ ಕರವಸ್ತ್ರದಿಂದ ಮುಖ ಒರೆಸಿಕೊಂಡಿದ್ದನ್ನು ಇವಳು ನೋಡಿದ್ದಾಳೆ. ಇವತ್ತು ತೆಗೆದುಕೊಳ್ಳುವವರನ್ನು ಕರೆದುಕೊಂಡೇ ಬರುತ್ತಾನೆ.

ಎಲೆ. ಬೇಸಿಲ್ ಎಲೆಯನ್ನು ಕೈಯಲ್ಲಿ ಹರಿಯಬೇಕು, ಚಾಕು ಮುಟ್ಟಿಸಿದರೆ ಕಪ್ಪಾಗುತ್ತದೆ, ಹಾಗಾಗಿ ಚಾಕು ತೆಗೆದುಕೊಂಡು ಟಕಟಕ ಕೊಚ್ಚಿದಳು, ಕೊಚ್ಚುತ್ತಾ ಓರೆಗಣ್ಣಲ್ಲಿ ನೋಡಿದಳು, ನುಣ್ಣಗೆ ಮಾಡಿದ್ದೀನಿ ಅಕ್ಕ, ಇಷ್ಟು ಸಾಕಾ, ಆಯ್ತು. ಬೈಯೇ, ಬೈಯೇ ನನ್ನ, ಇಷ್ಟು ವರ್ಷ ಬೈದೆಯಲ್ಲ, ಬೈಸಿಕೊಂಡು ಬೈಸಿಕೊಂಡು ನನಗೆ ಸಾಕಾಗಿ ಇನ್ನು ನಿನ್ನ ಅಡುಗೆಮನೆಗೆ ಕಾಲಿಡಲ್ಲ ಅಂತ ಎಷ್ಟು ಸಲ ಏಪ್ರನ್ ಬಿಚ್ಚಿ ಎಸೆದೆ, ಮಾರನೇ ದಿನ ಮತ್ತೆ ಬಂದೆ, ಏನೂ ಆಗದವಳ ಹಾಗೆ ಬಾ ಈರುಳ್ಳಿ ಬಿಡಿಸು ಅಂತಿದ್ದೆ ನೀನು — ಹೋಟೆಲಿಗೆ ಸೇರಿದ ಹೊಸದರಲ್ಲಿ ಇವಳು ಚೀಸಿನ ನೀರು ಬಸಿಯದೆ, ಬಟ್ಟೆಯಲ್ಲಿ ಒತ್ತದೆ, ಹಾಗೇ ಹೆಚ್ಚಿಟ್ಟು ಕಳಿಸಿದ್ದ ತಟ್ಟೆಯನ್ನು ಅಕ್ಕ ಬಾಗಿಲಲ್ಲೇ ತಡೆದು, ತೋರುಬೆರಳನ್ನು ಅದರಡಿಗೆ ಕೊಟ್ಟು ಒಂಚೂರು ಎತ್ತಿದ್ದಳು, ಎಲ್ಲರೂ ನೋಡುತ್ತಿದ್ದರು, ಬಿಳೀ ನೀರು ನಿಧಾನವಾಗಿ ಓಡಿ ಬಂದು ತಟ್ಟೆಯ ಅಂಚಿನಲ್ಲಿ ನಿಂತಿತ್ತು, ಇದೇನೇ ಇದು, ತಟ್ಟೆನಾ ಕೆರೆನಾ, ಮೀನು ಬಿಡೋಣ್ವಾ ಎಂದು ಅಕ್ಕ ಕೇಳಿದ್ದಕ್ಕೆ ಇಡೀ ಅಡುಗೆಮನೆ ಗೊಳ್ಳೆಂದಿತು, ಇವಳು ನೀರಿನ ಡ್ರಮ್ಮಿನ ಹಿಂದೆ ನಿಂತು ಬಿಕ್ಕಿ ಬಿಕ್ಕಿ ಅತ್ತಳು, ಆಮೇಲೆ ಬಹಳ ದಿನ ಇವಳ ಹೆಸರೇ ಕೆರೆ, ಕೆರೆ ಬಂದ್ಲಾ, ಕೆರೆಗೆ ಕಾಫಿ ಕೊಡ್ರೋ. ಆ ಅಂಚಿನಲ್ಲಿ ನಿಂತ ನೀರು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ, ಬೀಳಲೂ ಇಲ್ಲ, ಹಿಂದೆ ಹೋಗಲೂ ಇಲ್ಲ.

ಫೋನು. ಅಣ್ಣ. ಹೊರಟ್ವಿ ಕಣಮ್ಮ, ಅವ್ರೂ ಜೊತೇಲೇ ಇದ್ದಾರೆ, ಅಕ್ಕಂಗೆ ತಲೆ ಬಾಚಿ ಕೂರಿಸಿರು. ಹ್ಞೂಂ ಅಂದಳು, ಬೇಗ, ಬೇಗ ಮುಗಿಸಬೇಕು, ಪೊಟ್ಟಣ ಕತ್ತರಿಸಿ ಚೀಸಿನ ಉಂಡೆಯನ್ನು ಹಲಗೆಗೆ ಹಾಕಿ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದಳು, ಒಂದು ಕೆಂಪು ಒಂದು ಬಿಳಿ, ಒಂದರ ಮೇಲೊಂದು ಓರೆಯಾಗಿ, ಈಗ ಕೊನೆಯ ತಪ್ಪು, ದೊಡ್ಡ ತಪ್ಪು, ಉಪ್ಪಿಗೆ ಮೊದಲೇ ಎಣ್ಣೆ, ಎಣ್ಣೆ ಮೊದಲು ಬಿದ್ದರೆ ಉಪ್ಪು ಹಿಡಿಯೋದಾದ್ರೂ ಹೇಗೆ, ಬುದ್ಧಿ ಇದ್ಯಾ ನಿಂಗೆ ಎಂದು ಸೌಟು ಎತ್ತಿಕೊಂಡು ಬಂದಿದ್ದಳು ಅಕ್ಕ ಒಂದು ಸಲ, ಇವಳು ಸುರಿದಳು, ಸೀಸೆ ಬಗ್ಗಿಸಿ ಧಾರಾಳವಾಗಿ ಸುರಿದಳು, ಅಕ್ಕಾ ಎಣ್ಣೆ ಹಾಕ್ಬಿಟ್ಟೆ ಕಣೇ, ಉಪ್ಪೇ ಹಾಕಿಲ್ಲ ನೋಡು, ಅಯ್ಯೋ ಏನ್ಮಾಡ್ಲಿ ಈಗ — ತನ್ನ ದನಿ ತನಗೇ ನಾಟಕದ್ದು ಅನ್ನಿಸಿತು, ಅಕ್ಕನಿಗೂ ಅನ್ನಿಸಿತೇನೋ, ಕಿಟಕಿಯತ್ತ ಮುಖ ತಿರುಗಿಸಿಕೊಂಡೇ ಆಯ್ತು ಅಂದಳು.

ಮುಗಿಯಿತು ಹಾಗಾದರೆ, ಅಣ್ಣ ಹೇಳಿದ್ದೇ ಸರಿ, ಒಳಗೆ ಯಾರೂ ಇಲ್ಲ, ನಾನು ಖಾಲಿ ಮನೆಯ ಬಾಗಿಲು ಬಡಿಯುತ್ತಿದ್ದೇನೆ, ಇವಳಿಗೆ ದುಃಖ ಒತ್ತರಿಸಿ ಬಂತು, ಉಪ್ಪು ಉದುರಿಸಿದಳೋ ಇಲ್ಲವೋ ಅದೂ ತಿಳಿಯಲಿಲ್ಲ, ತಟ್ಟೆಯನ್ನು ಅಕ್ಕನ ಮುಂದೆ ತಳ್ಳಿದಳು, ತಗೋ, ಹೇಗಿದೆಯೋ ಹಾಗೆ ತಿನ್ನೋಣ, ನಿನ್ನ ತಲೆ ಬಾಚಬೇಕು ನಾನು, ಬಾಚಣಿಗೆ ಎಲ್ಲಿಟ್ಟೆನೋ — ಕೆಳಗೆ ಕಾರಿನ ಬಾಗಿಲು ಧಡ್ಡೆಂದಿತು, ಮಾತು, ಅಣ್ಣನ ದನಿ, ಇನ್ಯಾರದೋ ದನಿ, ಮೆಟ್ಟಿಲ ಮೇಲೆ ಚಪ್ಪಲಿ, ಬಾಚಣಿಗೆ ಫ್ರಿಜ್ಜಿನ ಮೇಲಿದೆ, ಅಲ್ಲೇಕೆ ಇಟ್ಟೆ, ಹಿಂದಿನಿಂದ ಏನೋ ಸದ್ದು, ಪಿಂಗಾಣಿ ಮೇಜಿಗೆ ತಾಕಿದ ಸದ್ದು, ತಿರುಗಿದಳು. ಅಕ್ಕನ ಕಣ್ಣು ಕಿಟಕಿಯಲ್ಲಿಲ್ಲ, ತಟ್ಟೆಯಲ್ಲಿದೆ, ಹುಬ್ಬು ಗಂಟಾಗಿದೆ, ಎಡಗೈಯ ತೋರುಬೆರಳು ತಟ್ಟೆಯಡಿಗೆ ಹೋಗಿದೆ, ಒಂಚೂರು ಎತ್ತಿದೆ, ಮತ್ತೆ ಆಗ ಇವಳಿಗೆ ಹೊಳೆಯಿತು, ಬಸಿಯಲಿಲ್ಲ, ಅಯ್ಯೋ ದೇವರೇ ಚೀಸು ಬಸಿಯಲಿಲ್ಲ, ಒತ್ತಲಿಲ್ಲ, ಇದು ಬೇಕಂತ ಮಾಡಿದ್ದಲ್ಲ, ಇದು ಮರೆತದ್ದು, ನಿಜವಾಗಿ ಮರೆತದ್ದು, ಕರೆಗಂಟೆ ಹೊಡೆದುಕೊಳ್ಳುತ್ತಿದೆ, ಬಿಳೀ ನೀರು ಎಣ್ಣೆಯ ಕೆಳಗಿಂದ ನುಸುಳಿ ನಿಧಾನವಾಗಿ ಬರುತ್ತಿದೆ, ಅಕ್ಕನ ಸೊಟ್ಟಗಾದ ತುಟಿ ಒಂದು ಸಲ ಎಳೆಯಿತು, ಇನ್ನೊಂದು ಸಲ ಎಳೆಯಿತು, ಕೆ, ಅಂದಳು, ಕೆ, ಸಿಟ್ಟು, ಆ ಕಣ್ಣಲ್ಲಿ ಸಿಟ್ಟು, ಬಂಗಾರದಂಥ ಹಳೇ ಸಿಟ್ಟು, ಕೆರೆ, ಅಂದಳು ಅಕ್ಕ, ಕೆರೆ, ಗಂಟೆ ಇನ್ನೂ ಹೊಡೆದುಕೊಳ್ಳುತ್ತಿದೆ, ಹೊಡೆದುಕೊಳ್ಳಲಿ, ತೆಗೆಯುತ್ತೇನೆ ತಾಳಣ್ಣ, ಕೆರೆ ಅಂದಳು, ಬೆರಳಡಿ ತಟ್ಟೆ, ತಟ್ಟೆಯ ಅಂಚು, ಅಂಚಿನಲ್ಲಿ ನೀರು, ನಿಂತಿದೆ.