ಅಕ್ಕನ ಸೊಂಟದಲ್ಲಿ ಎರಡು ಮೀಟರು

ಆ ಬೆಳಿಗ್ಗೆ ಮಂಜು ಬಿದ್ದಿತ್ತು. ಅದಿರು ದಂಧೆಯ ಆ ವರ್ಷಗಳಲ್ಲಿ ಹೊಸಪೇಟೆಯ ಮಂಜೂ ಬೆಳ್ಳಗಿರುತ್ತಿರಲಿಲ್ಲ. ಸಂಡೂರಿನ ಅದಿರು ಲಾರಿಗಳು ಎಬ್ಬಿಸಿದ ಧೂಳು ಬೆರೆತು ಬೇವಿನೆಲೆಗಳಿಂದ ಕೆಂಪು ಹನಿ ತೊಟ್ಟಿಕ್ಕುತ್ತಿತ್ತು. ಅಲ್ಲಿನ ಚಿತ್ತವಾಡ್ಗಿಯ ನೀಲಗಂಗಮ್ಮ ಹಣೆಗೆ ವಿಭೂತಿ ಧರಿಸಿ, ಗಂಡನ ಅಕ್ಕ ಶಾಂತಕ್ಕನ ಜೊತೆ ಕಾಲುವೆ ಏರಿಯ ಮೇಲೆ ನಡೆಯಲು ಹೊರಟಳು.

ಇಬ್ಬರ ಸೊಂಟದಲ್ಲೂ ಹೆಜ್ಜೆ ಎಣಿಸುವ ಮೀಟರು. ಬೆಂಕಿಪೊಟ್ಟಣದಷ್ಟು ಪುಟ್ಟದು. ಅದಿರು ವ್ಯಾಪಾರಕ್ಕೆಂದು ಚೀನಾಕ್ಕೆ ಹೋಗಿದ್ದ ನೀಲಗಂಗಮ್ಮನ ತಮ್ಮ ಈಶ್ವರ್ ಮೂರು ತಂದಿದ್ದ. ಮೂರನೆಯದು ಅವಳ ಗಂಡ, ಅಕ್ಕಿ ಮಿಲ್ಲಿನ ಚನ್ನಯ್ಯನದು. ಅವನ ಸಲುವಾಗಿಯೇ ಈ ನಡಿಗೆಯೆಲ್ಲ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯತೊಡಗಿತ್ತು. ದಿನಾ ನಡೆಯದಿದ್ದರೆ ದೃಷ್ಟಿಯೇ ಹೋದೀತು ಎಂದಿದ್ದರು ಡಾಕ್ಟರು.

“ಹೆಂಗಸರ ಕೂಡ ಕಾಲುವಿಗೆ ಬರಾಕ ನಾ ಒಲ್ಲೆ. ಮಿಲ್ಲಿನ ಅಂಗಳದಾಗ ನಡೀತೀನಿ,” ಎಂದಿದ್ದ ಚನ್ನಯ್ಯ.

ಅವನ ಸಕ್ಕರೆ ಇಳಿಯುವವರೆಗೆ ಅನ್ನ ಮುಟ್ಟುವುದಿಲ್ಲ ಎಂದು ನೀಲಗಂಗಮ್ಮ ಹಂಪಿಯ ವಿರೂಪಾಕ್ಷನಿಗೆ ಹರಕೆ ಹೊತ್ತಿದ್ದಳು. “ಅಕ್ಕಿ ಮಿಲ್ಲಿನ ಸಾವ್ಕಾರ್ತಿ ಬರೇ ರೊಟ್ಟಿ ಕಡಿತಾಳ ನೋಡ್ರೇ!” ಎಂದು ಓಣಿಯವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಸಂಜೆಯಾದರೆ ಶಾಂತಕ್ಕ ಮೂರೂ ಮೀಟರುಗಳನ್ನು ದೇವರ ಗೂಡಿನಲ್ಲಿ ಸಾಲಾಗಿ ಇಡುವಳು. ನೀಲಗಂಗಮ್ಮ ದೀಪ ಹಚ್ಚಿ, ಗಂಡನ ಮೀಟರಿಗೆ ವಿಭೂತಿ ಹಚ್ಚಿ ಕೈ ಮುಗಿಯುವಳು. ಆದರೂ ಹಿಂದಿನ ವಾರದ ಪರೀಕ್ಷೆಯಲ್ಲಿ ಸಕ್ಕರೆ ಏರಿತ್ತು. “ಅವರು ನಡೀತಾರ್ರಿ, ಮೀಟರು ಸುಳ್ಳು ಹೇಳ್ತೈತೇನ್ರಿ?” ಎಂದು ಅವಳು ಡಾಕ್ಟರ ಜೊತೆಯೇ ವಾದಕ್ಕಿಳಿದಿದ್ದಳು.

ಆ ಬೆಳಿಗ್ಗೆ ಮಂಜಿಗೆ ಕಾಲುವೆ ಏರಿ ಜಾರುತ್ತಿತ್ತು. ಶಾಂತಕ್ಕನ ಕಾಲು ತಪ್ಪಿತು. ನೀಲಗಂಗಮ್ಮ ಗಬಕ್ಕನೆ ಅವಳ ಸೊಂಟ ಹಿಡಿದಳು. ಸೆರಗಿನಡಿ ಕೈಗೆ ಒಂದಲ್ಲ, ಎರಡು ಮೀಟರು ಸಿಕ್ಕವು. ಒಂದರ ಮೂಲೆಗೆ ಒಣಗಿದ ವಿಭೂತಿ ಅಂಟಿತ್ತು. ಅದು ಹಿಂದಿನ ಸಂಜೆ ತಾನೇ ಹಚ್ಚಿದ್ದು.

“ಇದು ನಿಮ್ಮ ತಮ್ಮಂದಲ್ಲೇನ್ರಿ ಅಕ್ಕಾ?”

ಶಾಂತಕ್ಕ ಸೆರಗು ಸರಿಮಾಡಿಕೊಂಡಳು. “ನಡ್ಯಾಕ ಅವನಿಗೆ ಭಾಳ ಬ್ಯಾಸರಂತ ನೀಲಾ. ನನ್ನ ಹೆಸರಿಗೆ ನೀನೇ ಕಟ್ಕೊಂಡು ನಡಿ ಅಕ್ಕಾ ಅಂದ. ಬ್ಯಾನಿ ಬಿದ್ದೋರ ಹೆಸರಿನ್ಯಾಗ ನಾವು ಪ್ರದಕ್ಷಿಣಿ ಹಾಕಂಗಿಲ್ಲೇನು? ಶಿವ ಒಪ್ಗೊಳ್ಳಂಗಿಲ್ಲೇನು? ಇದೂ ಹಂಗ ಅಂದ್ಕೊಂಡೆ. ಸಣ್ಣವನಿದ್ದಾಗ ಇದೇ ಸೊಂಟದ ಮ್ಯಾಲ ಹೊತ್ತು ತಿರುಗಿದಾಕಿ ನಾನು.”

“ಶಿವ ಒಪ್ತಾನ್ರಿ. ಕಣ್ಣು ಒಪ್ತಾವೇನು?”

ಶಾಂತಕ್ಕ ತಮ್ಮನ ಮೀಟರು ಬಿಚ್ಚಿ ಅವಳ ಕೈಗಿತ್ತಳು.

ಆ ಸಂಜೆ ಗೂಡಿನಲ್ಲಿ ಎರಡೇ ಮೀಟರು. ಚನ್ನಯ್ಯ ಖಾಲಿ ಜಾಗ ನೋಡಿದ, ಹೆಂಡತಿಯನ್ನು ನೋಡಿದ, ತಲೆ ತಗ್ಗಿಸಿದ. ಅವಳು ಅವನ ಮೀಟರನ್ನು ಊಟದ ತಟ್ಟೆಯ ಪಕ್ಕ ಇಟ್ಟಳು.

“ನನಗ ಸುಳ್ಳು ಹೇಳಿದ್ರಿ, ಇರ್ಲಿ. ನಾ ರೊಟ್ಟಿ ತಿನ್ನಾದು ನೋಡ್ಕೊಂತ ದಿನಾ ಎದುರಿಗೇ ಕುಂತು ಉಂಡ್ರಿ, ಅದೂ ಇರ್ಲಿ. ಶಿವನ ಮುಂದ ದೀಪ ಹಚ್ಚಿ ನಾ ಇಷ್ಟು ದಿನ ಯಾರ ಹೆಜ್ಜಿಗೆ ಕೈ ಮುಗಿದೆ, ಅದೊಂದು ಹೇಳ್ರಿ.”

ಅವನ ತುತ್ತು ಕೈಯಲ್ಲೇ ಆರಿತು.

ಮರುದಿನವೂ ಮಂಜು. ಏರಿಯ ಮೇಲೆ ನೀಲಗಂಗಮ್ಮನಿಗೆ ಹಿಂದಿನಿಂದ ಚಪ್ಪಲಿ ಸಪ್ಪಳ ಕೇಳಿತು. ನಡುನಡುವೆ ನಿಲ್ಲುವ, ಏದುಸಿರಿನ ಭಾರದ ಹೆಜ್ಜೆ. ಶಾಂತಕ್ಕ ತಿರುಗಿ ನೋಡಿದಳು. ನೀಲಗಂಗಮ್ಮ ನೋಡಲಿಲ್ಲ, ನಿಲ್ಲಲೂ ಇಲ್ಲ. ಎದೆಯಲ್ಲಿ ಮುರಿದದ್ದು ಒಂದು ಮುಂಜಾನೆಗೆ ಕೂಡಿಕೊಳ್ಳುವಂಥದ್ದಲ್ಲ.

ಮನೆಯ ಕಟ್ಟೆ ಹತ್ತುವಾಗ ಚನ್ನಯ್ಯ ಹಿಂದಿನಿಂದ ಬಂದು ನಿಂತ. ಧೋತರದ ಅಂಚಿನಿಂದ ಮೀಟರು ಬಿಚ್ಚಿದ. ಅವಳ ಅಂಗೈಯಲ್ಲಿಟ್ಟ. ಅದರ ಅಂಕಿ ಹೆಂಗಸರಿಬ್ಬರ ಅಂಕಿಯ ಅರ್ಧವೂ ಇರಲಿಲ್ಲ. ಯಂತ್ರ ಅವನ ಬೆವರಿಗೆ ಇನ್ನೂ ಬೆಚ್ಚಗಿತ್ತು.