ಸ್ವಂತ ವಾಕ್ಯದಲ್ಲಿ ಬಳಸಿ

ಪಾರ್ಸೆಲ್ ಗೋದಾಮಿನ ಸೂಪರ್‌ವೈಸರನಿಗೆ ಇಂಗ್ಲಿಷ್ ಬರುತ್ತಿರಲಿಲ್ಲವೆಂದಲ್ಲ. ಬರುತ್ತಿತ್ತು, ಆದರೆ ಅರ್ಧ ದಾರಿಯಲ್ಲಿ ಕೈಕೊಡುತ್ತಿತ್ತು. ಹೊಸ ಮ್ಯಾನೇಜರ್ ಬಂದ ಮೇಲಂತೂ ಅವನ ಪಾಡು ಹೇಳತೀರದು. ಆತ ಕಳಿಸುವ ಮೇಲ್‌ಗಳಲ್ಲಿ ಕಂಡು ಕೇಳರಿಯದ ಪದಗಳು. ‘ಔಷಧದ ಪೆಟ್ಟಿಗೆಗಳನ್ನು ಎಕ್ಸ್‌ಪಿಡೈಟ್ ಮಾಡಿ’ ಎಂದು ಬಂದ ದಿನ, ಇದು ಎಕ್ಸ್‌ಪೈರಿಗೆ ಸಂಬಂಧಪಟ್ಟದ್ದೇ ಇರಬೇಕೆಂದು ಸೂಪರ್‌ವೈಸರ್ ಅವುಗಳನ್ನೆಲ್ಲ ಎತ್ತಿಸಿ ಮೂಲೆಗೆ ಹಾಕಿಸಿದ. ಬೇಗ ಕಳಿಸಿ ಎಂದಷ್ಟೇ ಅದರ ಅರ್ಥ ಎಂದು ತಿಳಿಯುವ ಹೊತ್ತಿಗೆ ಮ್ಯಾನೇಜರ್ ಅವನನ್ನು ಗಾಜಿನ ಕೋಣೆಗೆ ಕರೆಸಿ ಬೆವರಿಳಿಸಿದ್ದ.

ಮನೆಯಲ್ಲಿ ಮಾತ್ರ ಅವನ ಇಂಗ್ಲಿಷಿಗೆ ಎದುರಿರಲಿಲ್ಲ. ಹೆಂಡತಿ ಕಣ್ಣಾಸ್ಪತ್ರೆಯಲ್ಲಿ ಚೀಟಿ ಬರೆದುಕೊಡುವವಳು. ಅವಳು ಟೀವಿಯಲ್ಲಿ ಇಂಗ್ಲಿಷ್ ಸುದ್ದಿ ಹಾಕಿಕೊಂಡರೆ, “ಅದೆಲ್ಲ ನಿನಗೆ ತಲೆಗೆ ಹತ್ತಲ್ಲ ಬಿಡು” ಎಂದು ರಿಮೋಟ್ ಕಸಿದುಕೊಳ್ಳುತ್ತಿದ್ದ. ಇಷ್ಟು ಕೊಚ್ಚಿಕೊಂಡವನು ಇಂಗ್ಲಿಷ್ ಕ್ಲಾಸಿಗೆ ಸೇರುತ್ತೇನೆಂದು ಯಾವ ಮುಖ ಇಟ್ಟುಕೊಂಡು ಹೇಳುವುದು? ಸಂಜೆ ಓವರ್‌ಟೈಮ್ ಇದೆ ಎಂದ. “ಆಗಲಿ” ಎಂದಳು ಹೆಂಡತಿ. ಅವಳಿಗೂ ಆಗಲೇ ಬೆಳಗಿನ ಡ್ಯೂಟಿ ಬಿದ್ದಿತ್ತಂತೆ. ಅವನು ಹಾಸಿಗೆ ಬಿಡುವ ಮೊದಲೇ ಮನೆ ಬಿಡುತ್ತಿದ್ದಳು.

ಕ್ಲಾಸು ನಡೆಯುತ್ತಿದ್ದುದು ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಬೆಂಚುಗಳು ಯಾವುದೋ ಮುಚ್ಚಿಹೋದ ಶಾಲೆಯವು, ಕೂತರೆ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಮೇಡಂ ಮೊದಲ ದಿನವೇ ತಮ್ಮ ಪದ್ಧತಿ ಹೇಳಿಬಿಟ್ಟರು.

“ಡಿಕ್ಷನರಿ ಬಾಯಿಪಾಠ ಮಾಡಿದ್ರೆ ಪರೀಕ್ಷೆ ಮುಗಿದ ದಿನ ಮರೆತುಹೋಗುತ್ತೆ. ನಾನು ದಿನಕ್ಕೊಂದು ದೊಡ್ಡ ಪದ ಕೊಡ್ತೀನಿ. ಅದನ್ನ ಸ್ವಂತ ವಾಕ್ಯದಲ್ಲಿ ಬಳಸಬೇಕು. ಸ್ವಂತ ಅಂದ್ರೆ ನಿಮ್ಮ ಮನೇಲಿ, ನಿಮ್ಮ ಕೆಲಸದ ಜಾಗದಲ್ಲಿ ನಿಜವಾಗಿ ನಡೆದಿದ್ದು. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಅಂತ ಬರ್ಕೊಂಡು ಬಂದ್ರೆ ನಾನು ಓದೋದೂ ಇಲ್ಲ.”

ಒಂದು ಬ್ಯಾಚಿನ ಒಳ್ಳೆಯ ವಾಕ್ಯವನ್ನು ಇನ್ನೊಂದು ಬ್ಯಾಚಿನಲ್ಲಿ, ಬರೆದವರ ಹೆಸರು ಹೇಳದೆ, ಓದುವುದು ಮೇಡಂ ರೂಢಿ. ಹಾಗೆ ಒಂದು ಸಂಜೆ ‘ಆಬ್‌ಸ್ಟಿನೇಟ್’ ಎಂಬ ಪದಕ್ಕೆ, ಅಂದರೆ ಹಠಮಾರಿ ಎಂಬುದಕ್ಕೆ, ಬೆಳಗಿನ ಬ್ಯಾಚಿನ ಹೆಂಗಸೊಬ್ಬಳು ಬರೆದ ವಾಕ್ಯ ಓದಿದರು. ಇಂಗ್ಲಿಷಿನಲ್ಲಿದ್ದ ಅದರ ತಾತ್ಪರ್ಯ ಇಷ್ಟು: ನನ್ನ ಗಂಡ ಎಷ್ಟು ಆಬ್‌ಸ್ಟಿನೇಟ್ ಎಂದರೆ, ದಾರಿ ತಪ್ಪಿದರೂ ಯಾರನ್ನೂ ಕೇಳುವುದಿಲ್ಲ, ಹಾಗಾಗಿ ನನ್ನ ತಂಗಿಯ ಗೃಹಪ್ರವೇಶಕ್ಕೆ ನಾವು ತಲುಪಿದಾಗ ಪಾತ್ರೆ ತೊಳೆಯುತ್ತಿದ್ದರು.

ಕ್ಲಾಸು ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಸೂಪರ್‌ವೈಸರ್. “ಅಂಥ ಗಂಡನ ಜೊತೆ ಆ ಮಹಾತಾಯಿ ಹೇಗೆ ಏಗ್ತಾಳೋ” ಎಂದು ಮರುಕಪಟ್ಟ. ನಾದಿನಿಯ ಗೃಹಪ್ರವೇಶ ಅವನಿಗೂ ನೆನಪಿತ್ತು. ಆದರೆ ಅವನ ಪ್ರಕಾರ ಅಂದು ದಾರಿ ತಪ್ಪಿರಲಿಲ್ಲ, ಊರಿನವರೇ ರಸ್ತೆಯನ್ನು ತಪ್ಪಾಗಿ ಹಾಕಿದ್ದರು.

ಮುಂದಿನ ವಾರ ‘ಪೆಡಾಂಟಿಕ್’. ಸಣ್ಣ ವಿಷಯಕ್ಕೂ ಪಾಂಡಿತ್ಯ ತೋರಿಸುವವನು. ಬೆಳಗಿನ ಹೆಂಗಸು ಬರೆದಿದ್ದಳು: ನನ್ನ ಗಂಡ ಪೆಡಾಂಟಿಕ್, ನಾನು ತೊಳೆದು ಜೋಡಿಸಿದ ಲೋಟಗಳನ್ನು ಮತ್ತೆ ಜೋಡಿಸುತ್ತಾನೆ, ಆದರೆ ಒಂದು ಲೋಟವನ್ನೂ ತೊಳೆದವನಲ್ಲ.

“ಇಂಥವರನ್ನ ಒಳಗೆ ಹಾಕಬೇಕು” ಎಂದರು ಪಕ್ಕದಲ್ಲಿದ್ದ ನಿವೃತ್ತ ಇನ್‌ಸ್ಪೆಕ್ಟರ್. ಮಗನಿರುವ ವಿದೇಶಕ್ಕೆ ಹೋಗಲೆಂದು ಅವರು ಕ್ಲಾಸಿಗೆ ಸೇರಿದ್ದರು.

“ಹಾಕ್ಲೇಬೇಕು ಸಾರ್” ಎಂದ ಸೂಪರ್‌ವೈಸರ್.

ಮೂರನೆಯದು ‘ಆಸ್ಟೆಂಟೇಶಿಯಸ್’. ಆಡಂಬರ ತೋರುವುದು. ಮೇಡಂ ಓದಿದರು: ನನ್ನ ಗಂಡ ಆಸ್ಟೆಂಟೇಶಿಯಸ್, ಮನೆಗೆ ನೆಂಟರು ಬಂದಾಗ ಫೋನ್ ಕಿವಿಗಿಟ್ಟುಕೊಂಡು ಇಂಗ್ಲಿಷಿನಲ್ಲಿ ಮಾತಾಡುತ್ತಾನೆ, ಒಂದು ಸಲ ಹಾಗೆ ಮಾತಾಡುತ್ತಿರುವಾಗಲೇ ಫೋನ್ ರಿಂಗಾಯಿತು.

ಹಿಂದೆ ಕೂತಿದ್ದ ಔಷಧದಂಗಡಿಯವನೊಬ್ಬ ನಕ್ಕು ನಕ್ಕು ಬೆಂಚಿನಿಂದ ಜಾರಿದ. ಸೂಪರ್‌ವೈಸರ್ ನಗಲು ಹೊರಟವನು ಅಲ್ಲೇ ತಡೆದುಕೊಂಡ. ಹಾಗೆ ರಿಂಗಾದ ಫೋನು ಜಗತ್ತಿನಲ್ಲಿ ಇನ್ನೊಂದು ಇರಲಾರದು. ಅಂದು ಎದುರಿಗೆ ಕೂತಿದ್ದ ಸೋದರಮಾವ ಕೆಮ್ಮಿ ಕಿಟಕಿಯ ಕಡೆ ತಿರುಗಿದ್ದು ಕಣ್ಣಿಗೆ ಕಟ್ಟಿತು. ಹಿಂದಿನ ಎರಡು ವಾಕ್ಯಗಳೂ ಒಂದರ ಹಿಂದೊಂದು ಬಂದು ಎದೆಗೆ ಒದ್ದವು.

“ಯಾಕ್ರೀ, ಮುಖ ಹುಳ್ಳಗಾಯ್ತು?” ಎಂದು ಇನ್‌ಸ್ಪೆಕ್ಟರ್ ಕೇಳಿದರು.

“ಸೆಕೆ ಸಾರ್” ಎಂದ.

ಮನೆಗೆ ಹೋಗಿ ಹೆಂಡತಿಯನ್ನು ತರಾಟೆಗೆ ತೆಗೆದುಕೊಳ್ಳೋಣವೆಂದರೆ ಬಾಯಿ ಬಿಡುವ ಹಾಗಿಲ್ಲ, ಅವನು ಓವರ್‌ಟೈಮಿನಲ್ಲಿದ್ದವನು. ಅವಳು ಎಂದಿನಂತೆ ತಟ್ಟೆ ಇಟ್ಟಳು. ಎಂದಿನಂತೆ ತಿಂದ. ಆದರೆ ಒಳಗೆ ಕುದಿಯುತ್ತಿತ್ತು. ಮರುದಿನದ ಪದ ‘ಗ್ಯಾರುಲಸ್’, ಹರಟೆಮಲ್ಲ. ಜನ್ಮದಲ್ಲಿ ಮೊದಲ ಬಾರಿಗೆ ಅವನು ವ್ಯಾಕರಣ ನೋಡಿ ನೋಡಿ ವಾಕ್ಯ ಕಟ್ಟಿದ: ನನ್ನ ಹೆಂಡತಿ ಎಂಥ ಗ್ಯಾರುಲಸ್ ಎಂದರೆ, ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತ ಒಲೆಯ ಮೇಲಿನ ಹಾಲು ಪೂರ್ತಿ ಉಕ್ಕಿ ಹೋದರೂ ಮಾತು ನಿಲ್ಲಿಸಲಿಲ್ಲ.

ಮೇಡಂ ಕನ್ನಡಕ ಏರಿಸಿ ಅವನನ್ನು ಒಮ್ಮೆ ನೋಡಿದರು. “ಪರವಾಗಿಲ್ವೇ” ಎಂದು ಹಾಳೆಯನ್ನು ಕೈಚೀಲಕ್ಕೆ ಹಾಕಿಕೊಂಡರು.

ಮರುಸಂಜೆಯೇ ಉತ್ತರ ಬಂತು. ಹಿಂದಿನ ಸಂಜೆ ಈ ಬ್ಯಾಚಿನವರೊಬ್ಬರು ಬರೆದ ಹಾಲಿನ ವಾಕ್ಯವನ್ನು ಮೇಡಂ ಮೊದಲು ಓದಿ, ಆಮೇಲೆ ಇದನ್ನು ಓದಿದರು. ಪದ ‘ನಾನ್‌ಶಲಂಟ್’, ಏನೇ ಆದರೂ ತಲೆ ಕೆಡಿಸಿಕೊಳ್ಳದವನು. ವಾಕ್ಯ: ಹಾಲು ಉಕ್ಕುತ್ತಿದ್ದಾಗ ನನ್ನ ಗಂಡ ಒಲೆಯ ಪಕ್ಕದಲ್ಲೇ ನಾನ್‌ಶಲಂಟ್ ಆಗಿ ನಿಂತು ಉಗುರು ಕತ್ತರಿಸಿಕೊಳ್ಳುತ್ತಿದ್ದ.

ಕ್ಲಾಸಿನಲ್ಲಿ ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. “ಅಂದ್ರೆ ಗಂಡ ನಮ್ಮಲ್ಲೇ ಇದ್ದಾನೆ” ಎಂದು ಇನ್‌ಸ್ಪೆಕ್ಟರ್ ಎದ್ದು ನಿಂತರು. ವರ್ಷಗಳ ಮೇಲೆ ಅವರಿಗೊಂದು ಕೇಸು ಸಿಕ್ಕಿತ್ತು. ಪ್ರತಿಯೊಬ್ಬರ ಉಗುರನ್ನೂ ನೋಡುತ್ತ ಬಂದರು. ಸೂಪರ್‌ವೈಸರ್ ಕೈ ಜೇಬಿಗೆ ಹಾಕಿಕೊಂಡ.

ಅಲ್ಲಿಂದ ಕದನ ಶುರುವಾಯಿತು. ಬೆಳಿಗ್ಗೆ ಅವಳದೊಂದು, ಸಂಜೆ ಇವನದೊಂದು. ಮನೆಯಲ್ಲಿ “ಊಟ ಆಯ್ತಾ”, “ಗ್ಯಾಸ್ ಬಂತಾ” ಬಿಟ್ಟರೆ ಮೂರನೆಯ ಮಾತಿಲ್ಲ; ಸೈಕಲ್ ಅಂಗಡಿಯ ಮೇಲೆ ಮಾತ್ರ ಸಂಸಾರದ ಕಸವೆಲ್ಲ ಶುದ್ಧ ಇಂಗ್ಲಿಷಿನಲ್ಲಿ ಹೊರಗೆ ಬಿತ್ತು. ಸುದ್ದಿ ಹಬ್ಬಿ ಕ್ಲಾಸಿಗೆ ಜನ ಮುಗಿಬಿದ್ದರು. ಮೇಡಂ ಕೆಳಗೆ ಹೊಸ ಬೋರ್ಡು ಹಾಕಿಸಿದರು: ‘ನಿಜ ಜೀವನದ ಇಂಗ್ಲಿಷ್’. ಗಂಡಹೆಂಡಿರು ಯಾರೆಂದು ಅವರಿಗೆ ಎಂದೋ ತಿಳಿದಿತ್ತು, ಆದರೆ ಫೀಸು ಕಟ್ಟಿದವರ ಜಗಳ ಬಿಡಿಸಲು ಅವರಿಗೇನು ಹುಚ್ಚೇ?

ತಮಾಷೆಯೆಂದರೆ ಸೂಪರ್‌ವೈಸರನ ಇಂಗ್ಲಿಷ್ ನಿಜಕ್ಕೂ ಸುಧಾರಿಸಿತು. ಸಿಟ್ಟಿಗಿಂತ ಒಳ್ಳೆಯ ಮೇಷ್ಟ್ರು ಅವನಿಗೆ ಅದುವರೆಗೆ ಸಿಕ್ಕಿರಲಿಲ್ಲ. ಹೆಂಡತಿಯನ್ನು ಬಯ್ಯಲು ಕಲಿತ ಪದಗಳನ್ನೇ ಲಾರಿ ಡ್ರೈವರುಗಳ ಮೇಲಿನ ವರದಿಯಲ್ಲಿ ಬಳಸಿದ. ಮ್ಯಾನೇಜರ್ ಬೆನ್ನು ತಟ್ಟಿದ.

ಹೀಗಿರುವಾಗ ಒಂದು ಸಂಜೆ ‘ಸ್ಕ್ವಾಂಡರ್’ ಎಂಬ ಪದ ಬಂತು. ವ್ಯರ್ಥವಾಗಿ ಪೋಲು ಮಾಡುವುದು. ಮೇಡಂ ಓದಿದರು: ‘ನಿನಗೇನನ್ನಿಸುತ್ತದೆ’ ಎಂದು ನನ್ನ ಗಂಡ ಒಮ್ಮೆಯಾದರೂ ಕೇಳಲಿ ಎಂದು ಕಾಯುತ್ತ ನಾನು ನನ್ನ ಯೌವನವನ್ನು ಸ್ಕ್ವಾಂಡರ್ ಮಾಡಿದೆ.

ಯಾರೂ ನಗಲಿಲ್ಲ. ಔಷಧದಂಗಡಿಯವನು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. ಇನ್‌ಸ್ಪೆಕ್ಟರ್ ತಮ್ಮ ಬೂಟು ನೋಡಿಕೊಂಡರು. ಸೂಪರ್‌ವೈಸರ್ ಉತ್ತರ ಬರೆಯಲು ಕೂತ, ಪದಗಳೇನೋ ಬೇಕಾದಷ್ಟು ಬಂದವು, ಹೇಳಲು ವಿಷಯ ಇರಲಿಲ್ಲ.

ಅಂದು ಊಟಕ್ಕೆ ಕೂತಾಗ ಅವನು ಗಂಟಲು ಸರಿಮಾಡಿಕೊಂಡ.

“ನಿನಗೇನನ್ನಿಸುತ್ತೆ?”

ಹೆಂಡತಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. “ಯಾವುದರ ಬಗ್ಗೆ?”

ಅದನ್ನವನು ಯೋಚಿಸಿರಲಿಲ್ಲ. “ಸುಮ್ಮನೆ. ಒಟ್ಟಾರೆ.”

“ಒಟ್ಟಾರೆ ಹೇಳೋಕೆ ಹೋದ್ರೆ ಬೆಳಗಾಗುತ್ತೆ.”

“ಚುಟುಕಾಗಿ ಹೇಳು.”

“ಚುಟುಕಾಗೇ ಹೇಳಿದೀನಲ್ಲ ರೀ, ದಿನಾ ಒಂದೊಂದು ವಾಕ್ಯ” ಎಂದಳು. “ನಿಮ್ಮ ಓವರ್‌ಟೈಮ್ ಯಾವುದು ಅಂತ ಹಾಲಿನ ವಾಕ್ಯ ಓದಿದ ದಿನವೇ ಗೊತ್ತಾಯ್ತು. ನಿಮಗೆ ನಂದು ಯಾವಾಗ ಗೊತ್ತಾಯ್ತು?”

“ಫೋನಿನ ವಾಕ್ಯ ಬಂದಾಗ.”

“ಅದಕ್ಕೆ ಮುಂಚೆ ಎರಡು ಬರೆದಿದ್ದೆ.”

“ಅದು ಬೇರೆ ಯಾರದೋ ಗಂಡ ಅಂದ್ಕೊಂಡೆ.”

ಅವಳು ಅವನ ಮುಖವನ್ನೇ ನೋಡಿದಳು. ಸುಳ್ಳು ಹೇಳುತ್ತಿಲ್ಲವೆಂದು ಖಾತ್ರಿಯಾಯಿತು. ಸುಳ್ಳು ಹೇಳಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

“ನೀನು ಅದನ್ನೆಲ್ಲ ನನಗೇ ಹೇಳಬಹುದಿತ್ತು” ಎಂದ.

“ಹೇಳಿದ್ದೆ. ಕನ್ನಡದಲ್ಲಿ” ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಆ ವಾರ ವಾಕ್ಯಗಳ ಯುದ್ಧ ನಿಂತಿತು. ಹೊಸದಾಗಿ ಸೇರಿದವರು ತಮಗೆ ಮೋಸವಾಯಿತೆಂದು ಗೊಣಗಿದರು. ಆದರೆ ಅಷ್ಟರಲ್ಲಿ ಕ್ಲಾಸು ಎಷ್ಟು ಬೆಳೆದಿತ್ತೆಂದರೆ ಮೇಡಂಗೆ ಒಬ್ಬರೇ ನಿಭಾಯಿಸಲಾಗದೆ ಒಬ್ಬ ಸಹಾಯಕಿ ಬೇಕಾದಳು. ಎಲ್ಲರಿಗಿಂತ ಚೆನ್ನಾಗಿ ಬರೆಯುವವರನ್ನೇ ಆರಿಸಿಕೊಂಡರು.

ಸೋಮವಾರ ಸಂಜೆ ಸೂಪರ್‌ವೈಸರ್ ಬಾಗಿಲಿಗೆ ಬಂದರೆ ಬೋರ್ಡಿನ ಮುಂದೆ ಅವನ ಹೆಂಡತಿ, ಆಸ್ಪತ್ರೆಯ ಗುರುತಿನ ಚೀಟಿ ಕೊರಳಲ್ಲಿದ್ದಂತೆಯೇ ಸೀಮೆಸುಣ್ಣ ಹಿಡಿದು ನಿಂತಿದ್ದಳು. ಅವನಿಗೆ ಓಡಿಹೋಗಬೇಕೆನ್ನಿಸಿತು. ಆದರೆ ಗೋದಾಮಿನಲ್ಲಿ ಬಡ್ತಿಯ ಇಂಟರ್‌ವ್ಯೂ ಹತ್ತಿರ ಬಂದಿತ್ತು, ಹಿಂದಿನಿಂದ ಇನ್‌ಸ್ಪೆಕ್ಟರ್ ಬೇರೆ “ನಡೀರಿ ನಡೀರಿ” ಎಂದು ನೂಕುತ್ತಿದ್ದರು. ಮುಂದಿನ ಬೆಂಚಿನಲ್ಲಷ್ಟೇ ಜಾಗವಿತ್ತು.

ಅವಳು ‘ಮ್ಯಾಗ್ನಾನಿಮಸ್’ ಎಂದು ಬರೆದಳು. ದೊಡ್ಡ ಮನಸ್ಸು, ತಪ್ಪನ್ನು ಕ್ಷಮಿಸುವ ಗುಣ ಎಂದು ವಿವರಿಸಿದಳು. “ಯಾರು ಹೇಳ್ತೀರಿ?” ಎಂದು ಕೇಳಿ, ಯಾರೂ ಏಳದಿದ್ದಾಗ ಅವನ ಕಡೆ ಕೈ ತೋರಿಸಿದಳು. “ನೀವು ಹೇಳಿ.”

ಮದುವೆಯಾದಾಗಿನಿಂದ ಅವಳು ಅವನಿಗೆ ‘ನೀವು’ ಎನ್ನುತ್ತಲೇ ಬಂದವಳು. ಆದರೆ ಈ ‘ನೀವು’ ಬೇರೆ ಜಾತಿಯದಾಗಿತ್ತು. ಅವನು ಎದ್ದು ನಿಂತು, ನನ್ನ ಹೆಂಡತಿ ಮ್ಯಾಗ್ನಾನಿಮಸ್ ಆದ ಹೆಂಗಸು ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದ. ಒಂದು ತಪ್ಪೂ ಇರಲಿಲ್ಲ. ಇಷ್ಟಕ್ಕೆ ಎಲ್ಲ ಮುಗಿದು ಹೋಗುತ್ತದೆಂಬ ಆಸೆಯಿಂದ ಅವಳ ಮುಖ ನೋಡಿದ.

“ವ್ಯಾಕರಣ ಸರಿ ಇದೆ” ಎಂದಳು ಅವಳು. “ಆದ್ರೆ ಇಲ್ಲಿನ ನಿಯಮ ಗೊತ್ತಲ್ಲ, ನಡೆದ ಸಂಗತಿ ಇರಬೇಕು. ಅವರು ಯಾವಾಗ ದೊಡ್ಡ ಮನಸ್ಸು ಮಾಡಿದ್ರು? ಏನು ಮಾಡಿದ್ರು?”

ಹೆಂಡತಿ ಮನ್ನಿಸಿದ ಸಂಗತಿಗಳು ಇದ್ದೇ ಇರಬೇಕು, ಇಲ್ಲದಿದ್ದರೆ ಇಷ್ಟು ದಿನ ಸಂಸಾರ ಹೇಗೆ ನಡೆಯಿತು? ಆದರೆ ಎಷ್ಟು ತಡಕಿದರೂ ಒಂದೂ ಕೈಗೆ ಸಿಗಲಿಲ್ಲ. ಅವು ನಡೆಯುವಾಗ ಅವನು ಆ ಕಡೆ ನೋಡಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

“ಕೂತ್ಕೊಳ್ಳಿ” ಎಂದಳು ಹೆಂಡತಿ. “ಯೋಚನೆ ಮಾಡಿ, ನಾಳೆ ಬರ್ಕೊಂಡು ಬನ್ನಿ.”

ಸೂಪರ್‌ವೈಸರ್ “ಯೆಸ್ ಮೇಡಂ” ಎಂದು ಕೂತ.