ಕೈವಾರದ ಮೊನೆ

"ಬರ್ರಿ, ಬರ್ರಿ! ರವಿವಾರ ಮುಂಜಾನೆ ಹತ್ತಕ್ಕ ಗದಗಿನ ಹೈಸ್ಕೂಲ್ ಮೈದಾನದಾಗ! ಒಂದ ಸ್ಟೇಜು, ಇಬ್ಬರು ಹೀರೋ! ಟಿಕೆಟ್ ಇಲ್ಲ, ಇಂಟರ್ವಲ್ ಇಲ್ಲ, ಫೈಟಿಂಗ್ ಇದ್ದರೂ ಇರಬಹುದು! ಗದಗಿನ ಹುಲಿ ಪುಂಡಲೀಕಪ್ಪನವರು! ಶಿರಹಟ್ಟಿ ಸೀಮಿ ಸಿಂಹ ಹುಚ್ಚೀರಪ್ಪನವರು! ಇಬ್ಬರೂ ಕೂಡಿ ರಕ್ತ ನಿಲ್ಲದ ರೋಗದ ಮ್ಯಾಲೆ ಯುದ್ಧ ಸಾರತಾರ!"

ಬೆಟಗೇರಿಯ ನೇಕಾರ ಓಣಿಯಲ್ಲಿ ಒಂದೊಂದಾಗಿ ಮಗ್ಗಗಳ ಸದ್ದು ನಿಂತಿತು. ಜನ ಬಾಗಿಲಿಗೆ ಬಂದರು. ಪುಂಡಲೀಕಪ್ಪ ಆಡಳಿತ ಪಕ್ಷದ ಶಾಸಕ, ಹುಚ್ಚೀರಪ್ಪ ವಿರೋಧ ಪಕ್ಷದವ. ಹತ್ತು ವರ್ಷಗಳಿಂದ ಇಬ್ಬರೂ ಒಂದೇ ಮದುವೆಯ ಪಂಕ್ತಿಯಲ್ಲಿ ಊಟಕ್ಕೆ ಕೂತದ್ದನ್ನು ಸಹ ಯಾರೂ ಕಂಡಿರಲಿಲ್ಲ. ಈಗ ಒಂದೇ ಸ್ಟೇಜು ಅಂದರೆ!

ಟಾಂಗಾ ಹೊಡೆಯುವ ಮಾಶಾಕ ಹಿಂದಕ್ಕೆ ವಾಲಿ ಕೇಳಿದ. "ಲೇ ದಾದ್ಯಾ, ಇಬ್ಬರನ್ನೂ ಹ್ಯಾಂಗ ಒಪ್ಪಿಸಿದಿಲೇ?"

ದಾದಾಪೀರ ಮೈಕಿನ ಬಾಯಿಗೆ ಅಂಗೈ ಮುಚ್ಚಿದ. "ಕಾಕಾ, ಅವರಿಗೆ ಇನ್ನೂ ಗೊತ್ತ ಇಲ್ಲ."

ಮಾಶಾಕನ ಕೈಯೊಳಗಿನ ಲಗಾಮು ಸಡಿಲಾಯಿತು. ಕುದುರೆ ತಾನಾಗಿಯೇ ನಾಲ್ಕು ಹೆಜ್ಜೆ ಮುಂದೆ ಹೋಯಿತು.

ದಾದಾಪೀರನಿಗೆ ಇಪ್ಪತ್ತೈದು ವರ್ಷ. ಗದಗ, ಬೆಟಗೇರಿ, ಲಕ್ಷ್ಮೇಶ್ವರ, ಮುಂಡರಗಿ, ಎಲ್ಲಿ ಹೊಸ ಸಿನಿಮಾ ಬಂದರೂ ಸಾರುವ ಗಂಟಲು ಅವನದೇ. ಚುನಾವಣೆ ಬಂದರೆ ಮುಂಜಾನೆ ಪುಂಡಲೀಕಪ್ಪನ ಪ್ರಚಾರ, ಸಂಜೆ ಹುಚ್ಚೀರಪ್ಪನ ಪ್ರಚಾರ. ನಡುವೆ ಮಾಡುತ್ತಿದ್ದುದು ಇಷ್ಟೇ, ಒಂದು ಬ್ಯಾನರು ಬಿಚ್ಚಿ ಇನ್ನೊಂದು ಕಟ್ಟುವುದು. ನಿನ್ನದು ಯಾವ ಪಕ್ಷ ಎಂದು ಕೇಳಿದವರಿಗೆ ಕಾಲರ್ ಎತ್ತಿ, ದನಿ ದಪ್ಪ ಮಾಡಿ, "ಬ್ಯಾಟರಿ ಪಕ್ಷ. ಚಾರ್ಜ್ ಇರೂತನಕಾ ಎಲ್ಲರಿಗೂ ಜೈ" ಅನ್ನುತ್ತಿದ್ದ. ಆ ಊರುಗಳಲ್ಲಿ ದಾದಾಪೀರ ಮೈಕಿನಲ್ಲಿ ಹೇಳಿದ್ದು ಈವರೆಗೆ ಸುಳ್ಳಾಗಿರಲಿಲ್ಲ. ಅವನ ಬಳಿ ಇದ್ದ ಆಸ್ತಿ ಅದೊಂದೇ. ಅದನ್ನೇ ಇವತ್ತು ಪಣಕ್ಕಿಟ್ಟಿದ್ದ.

ಇಟ್ಟದ್ದು ಜಯತೀರ್ಥನಿಗಾಗಿ.

ವೀರನಾರಾಯಣ ಗುಡಿಯ ಪೂಜೆಯವರ ಮನೆತನದ ಜಯತೀರ್ಥ ಅವನ ಜೊತೆ ಒಂದೇ ಬೆಂಚಿನಲ್ಲಿ ಕೂತು ಕಲಿತವನು, ಈಗ ಅದೇ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಅವನಿಗೆ ಗಾಯವಾದರೆ ರಕ್ತ ಹೆಪ್ಪುಗಟ್ಟುತ್ತಿರಲಿಲ್ಲ. ಗಾಯವೇ ಬೇಕೆಂದಿಲ್ಲ, ತುಸು ಹೆಚ್ಚು ಹೊತ್ತು ನಿಂತರೂ ಮೊಣಕಾಲಿನೊಳಗೆ ರಕ್ತ ತುಂಬಿ ಕಾಲು ಕುಂಬಳಕಾಯಿಯಾಗುತ್ತಿತ್ತು. ಅವನ ತಾಯಿ ಜಾನಕೀಬಾಯಿ ಮಗನ ಕೈಗೆ ಈಳಿಗೆ, ಬ್ಲೇಡು, ಕೈವಾರ ಯಾವುದನ್ನೂ ತಾಗಗೊಟ್ಟವರಲ್ಲ. ಐದನೇ ಇಯತ್ತೆಯಿಂದ ಹತ್ತರವರೆಗೆ ಜಯತೀರ್ಥನ ಭೂಮಿತಿ ವಹಿಯಲ್ಲಿದ್ದ ಪ್ರತಿಯೊಂದು ವರ್ತುಲವನ್ನೂ ತೆಗೆದುಕೊಟ್ಟವನು ದಾದಾಪೀರ. ಲೆಕ್ಕ ಜಯತೀರ್ಥನದು, ವರ್ತುಲ ದಾದಾಪೀರನದು. ಪರೀಕ್ಷೆಯಲ್ಲಿ ಒಬ್ಬ ಪಾಸಾದ.

ರಕ್ತದ ತಿಳಿಯನ್ನು ಮಂಜುಗಟ್ಟಿಸಿ ಇಟ್ಟಿರುತ್ತಾರೆ, ಬೇಕಾದಾಗ ಕರಗಿಸಿ ಏರಿಸಿದರೆ ರಕ್ತ ನಿಲ್ಲುತ್ತದೆ. ಅದು ಸಿಗುವುದು ಹುಬ್ಬಳ್ಳಿಯಲ್ಲಿ. ಅಲ್ಲಿಯವರೆಗೆ ಬಸ್ಸಿನಲ್ಲಿ ರಕ್ತ ಸೋರಿಸಿಕೊಂಡು ಕೂರಬೇಕು. ಸುತ್ತಲಿನ ಹಳ್ಳಿಗಳಲ್ಲಿ ಈ ರೋಗದವರು ಹನ್ನೊಂದು ಜನ ಇದ್ದರು. ಹೋದ ಮಳೆಗಾಲದಲ್ಲಿ ಡೋಣಿ ಊರಿನ ಕಸ್ತೂರೆವ್ವನ ಮಗ, ಹಲ್ಲು ಕೀಳಿಸಿಕೊಂಡ ಹುಡುಗ, ಹುಬ್ಬಳ್ಳಿ ಬಸ್ಸು ನಡುದಾರಿಯ ಅಣ್ಣಿಗೇರಿ ದಾಟುವುದರೊಳಗೆ ತಾಯಿಯ ಮಡಿಲಲ್ಲೇ ತಣ್ಣಗಾದ. ಈಗ ಹತ್ತು ಜನ.

ರಕ್ತದ ತಿಳಿ ಇಡುವ ತಂಪು ಪೆಟ್ಟಿಗೆ ಗದಗಿಗೆ ಬರಬೇಕು ಎಂದು ಜಯತೀರ್ಥ ನಾಲ್ಕು ಅರ್ಜಿ ಬರೆದ. ಈ ರೋಗ ಸರಕಾರದ ಯಾದಿಯಲ್ಲಿ ಇಲ್ಲ ಎಂದು ನಾಲ್ಕೂ ತಿರುಗಿ ಬಂದವು. ಯಾದಿಗೆ ಸೇರಬೇಕಾದರೆ ವಿಧಾನಸಭೆಯಲ್ಲಿ ಠರಾವು ಆಗಬೇಕು. ಒಬ್ಬ ಶಾಸಕ ಎತ್ತಿದರೆ ಇನ್ನೊಂದು ಪಕ್ಷ ಬೀಳಿಸುತ್ತದೆ, ಇಬ್ಬರೂ ಕೂಡಿ ಎತ್ತಿದರೆ ನಿಲ್ಲಬಹುದು. ಜಯತೀರ್ಥ ಕುಂಟುತ್ತ ಇಬ್ಬರ ಮನೆಗೂ ಹೋಗಿದ್ದ. "ಸಹಿ ಮಾಡತೇನಿ ಮಾಸ್ತರ, ಆದರ ಆ ಮನಶ್ಯಾನ ಹೆಸರು ಇರೂ ಕಾಗದದ ಮ್ಯಾಲೆ ಅಲ್ಲ" ಎಂದು ಇಬ್ಬರೂ ಹೇಳಿದ್ದರು.

ಗುರುವಾರ ಗದಗ, ಬೆಟಗೇರಿ ಸುತ್ತಿದ ದಾದಾಪೀರ ಶುಕ್ರವಾರ ಮೈಕನ್ನು ಬಸ್ಸಿನ ಮೇಲೇರಿಸಿಕೊಂಡು ಹುಚ್ಚೀರಪ್ಪನ ಸೀಮೆಯ ಲಕ್ಷ್ಮೇಶ್ವರಕ್ಕೆ ಹೋದ. ಗದಗಿನಲ್ಲಿ ಹುಲಿಯ ಹೆಸರು ಮೊದಲು ಹೇಳಿದ್ದ, ಅಲ್ಲಿ ಸಿಂಹದ ಹೆಸರು ಮೊದಲು. ಪೋಸ್ಟರಿನಲ್ಲಿ ಯಾವ ನಟನ ಹೆಸರು ಮೇಲೆ ಬರಬೇಕೆಂಬ ಜಗಳ ಅವನಿಗೇನು ಹೊಸದೇ?

ಶನಿವಾರ ಜಯತೀರ್ಥನ ಮನೆಗೆ ಹೋದಾಗ ಪಡಸಾಲೆಯಲ್ಲೇ ಜಾನಕೀಬಾಯಿ ಹಿಡಿದುಕೊಂಡರು. "ಏನೋ ದಾದ್ಯಾ, ನಿನಗ ತಲಿ ನೆಟ್ಟಗದ ಏನೋ? ಅವರು ಬರಲಿಲ್ಲ ಅಂದ್ರ ಊರು ಮಂದಿ ಎದುರಿಗೆ ನನ್ನ ಮಗ ನಗಿಗೀಡು!"

"ಬರತಾರ್ರಿ ಅವ್ವಾರ. ಒಬ್ಬ ಬರದಿದ್ರ ಇನ್ನೊಬ್ಬ ಅಷ್ಟೂ ಚಪ್ಪಾಳಿ ಬಾಚಿಕೊಂಡು ಹೋಗತಾನ. ಆ ಹೆದರಿಕಿ ಸಾಕು."

ಒಳಗೆ ಗೋಡೆಗೆ ಒರಗಿ ಕೂತಿದ್ದ ಜಯತೀರ್ಥ ನಗಲಿಲ್ಲ. ಅವನ ಎಡ ಮೊಣಕಾಲಿಗೆ ಒದ್ದೆ ಬಟ್ಟೆ ಸುತ್ತಿತ್ತು. "ನಿನ್ನೆಯಿಂದ ಬಾತದ. ಮಾತು ಸುಳ್ಳಾದ್ರ ಮುಂದ ನಿನಗ ಯಾರು ಮೈಕು ಕೊಡತಾರೋ?"

ದಾದಾಪೀರ ಒಂದು ಕೈ ಸೊಂಟದ ಮೇಲಿಟ್ಟ. "ಮೈಕು ಹೋದರ ಗಂಟಲು ಐತಿ! ಗಂಟಲು ಹೋದರ..." ಅಲ್ಲಿಗೆ ಡೈಲಾಗು ಮರೆತುಹೋಯಿತು. ಕಣ್ಣು ಆ ಮೊಣಕಾಲಿನ ಮೇಲಿತ್ತು. "ನಾಳೆ ಕುರ್ಚಿ ತರಸತೇನಿ. ನೀ ಏಳಬ್ಯಾಡ."

ರವಿವಾರ ಹತ್ತಾಯಿತು. ಮೈದಾನ ತುಂಬಿತ್ತು, ಸ್ಟೇಜು ಖಾಲಿ. ಮೈದಾನಕ್ಕೆ ಎರಡು ಗೇಟು. ಮೂಡಣ ಗೇಟಿನಾಚೆ ಪುಂಡಲೀಕಪ್ಪನ ಜೀಪು, ಪಡುವಣ ಗೇಟಿನಾಚೆ ಹುಚ್ಚೀರಪ್ಪನ ಜೀಪು. ಮೊದಲು ಬಂದವ ಇನ್ನೊಬ್ಬನಿಗಾಗಿ ಕಾದಂತಾಗುತ್ತದೆ ಎಂದು ಇಬ್ಬರೂ ಇಳಿಯಲಿಲ್ಲ. ಹತ್ತೂವರೆಯಾಯಿತು. ಜನ ಸಿಳ್ಳೆ ಹಾಕತೊಡಗಿದರು. ದಾದಾಪೀರನ ಅಂಗಿ ಬೆನ್ನಿಗೆ ಅಂಟಿತ್ತು. ಕಣ್ಣು ಮುಚ್ಚಿ ಮೈಕು ಹಿಡಿದ.

"ಮಹಾಜನರ! ಎರಡೂ ಗೇಟಿನ ಕಡೆ ನೋಡ್ರಿ! ನಾ ಮೂರು ಅನ್ನೂದರಾಗ ಇಬ್ಬರು ಹೀರೋಗಳೂ ಒಂದ ಸಲಕ್ಕ ಎಂಟ್ರಿ ಕೊಡತಾರ! ಒಂದು!"

ಜನರೆಲ್ಲ ಕೂಡಿ "ಎರಡು!" ಎಂದು ಕೂಗಿದರು. ಇಷ್ಟು ಜನ ತಿರುಗಿ ನೋಡುತ್ತಿರುವಾಗ ಜೀಪಿನಲ್ಲಿ ಕೂತಿರುವುದು ಹೇಗೆ? ಮೂರಕ್ಕೆ ಎರಡೂ ಬಾಗಿಲು ತೆರೆದವು.

ಇಬ್ಬರೂ ಸ್ಟೇಜಿನ ಎರಡು ತುದಿಗೆ ಕೂತರು. ನಡುವೆ ಕುರ್ಚಿಯಲ್ಲಿ ಕಾಲು ಚಾಚಿದ ಜಯತೀರ್ಥ. ಪುಂಡಲೀಕಪ್ಪ ಎದ್ದು, ಗದಗಿಗೆ ಒಂದು ತಂಪು ಪೆಟ್ಟಿಗೆ ತಂದೇ ತರುತ್ತೇನೆ ಎಂದ. ಹುಚ್ಚೀರಪ್ಪ ಎದ್ದು, ಒಂದು ಪೆಟ್ಟಿಗೆ ತಂದರೆ ಸಾಕೇ, ಶಿರಹಟ್ಟಿಗೊಂದು, ಮುಂಡರಗಿಗೊಂದು ಎಂದ. ಪುಂಡಲೀಕಪ್ಪ ಮೈಕು ಕಸಿದು ಪ್ರತಿ ಪೆಟ್ಟಿಗೆಗೂ ಒಬ್ಬ ಡಾಕ್ಟರು ಎಂದ. ಹುಚ್ಚೀರಪ್ಪ ನರ್ಸನ್ನೂ ಸೇರಿಸಿದ. ದಲಾಲಿ ಅಂಗಡಿಯಲ್ಲಿ ಹತ್ತಿಯ ಹರಾಜು ಏರಿದಂತೆ ಏರುತ್ತಲೇ ಹೋಯಿತು, ಜನ ಚಪ್ಪಾಳೆ ಹೊಡೆಯುತ್ತಲೇ ಹೋದರು.

ಆಗ ಮುಂದಿನ ಸಾಲಿನಿಂದ ಒಬ್ಬ ಹೆಂಗಸು ಸೆರಗು ಸರಿಮಾಡಿಕೊಂಡು ಎದ್ದಳು. ಕಸ್ತೂರೆವ್ವ. ಅವಳಿಗೆ ಮೈಕು ಬೇಕಾಗಲಿಲ್ಲ.

"ಎಪ್ಪಾ, ನಂಗ ಮೂರು ಬ್ಯಾಡ, ಒಂದ ಸಾಕು. ನನ್ನ ಮಗ ಅಣ್ಣಿಗೇರಿ ಬಂತೇನಬೇ, ಅಣ್ಣಿಗೇರಿ ಬಂತೇನಬೇ ಅಂತ ಕೇಳಕೋತ ಹ್ವಾದ. ಆ ಪೆಟಿಗಿ ಬಂದ ದಿನ ಅದು ಯಾವ ಪಾರ್ಟೀದು ಅಂತ ನಾ ಕೇಳಾಂಗಿಲ್ಲ."

ಕೂತಳು. ಹುಚ್ಚೀರಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಪುಂಡಲೀಕಪ್ಪ ಕೈಯಲ್ಲಿದ್ದ ಮೈಕನ್ನು ಯಾರಿಗೆ ಕೊಡಬೇಕೋ ತಿಳಿಯದೆ ನೆಲಕ್ಕಿಟ್ಟ.

"ಕಾಗದ ಎಲ್ಲೈತ್ರಿ ಮಾಸ್ತರ?" ಎಂದ, ಬರೀ ಬಾಯಿಯಲ್ಲಿ.

ಜಯತೀರ್ಥ ಠರಾವಿನ ಹಾಳೆ ತೆಗೆದ. ಕೆಳಗೆ ಕಾರ್ಬನ್, ಅದರ ಕೆಳಗೆ ನಕಲು. ಇಬ್ಬರೂ ಪೆನ್ನು ತೆಗೆದರು, ಇಬ್ಬರೂ ನಿಂತರು. ಮೇಲೆ ಯಾರ ಸಹಿ, ಕೆಳಗೆ ಯಾರ ಸಹಿ?

"ಹಿರಿಯಾರು ನೀವ ಮಾಡ್ರಿ" ಅಂದ ಹುಚ್ಚೀರಪ್ಪ. ಬಾಯಿ ಅಂದಿತೇ ಹೊರತು ಪೆನ್ನು ಹಿಂದೆ ಸರಿಯಲಿಲ್ಲ.

ಜಯತೀರ್ಥ ಇಬ್ಬರ ಮುಖವನ್ನೂ ನೋಡಿದ. ತರಗತಿಯಲ್ಲಿ ದಡ್ಡ ಹುಡುಗರಿಗೆ ಹೇಳುವ ದನಿಯಲ್ಲಿ ಹೇಳಿದ. "ವರ್ತುಲದ ಮ್ಯಾಲೆ ಮಾಡ್ರಿ, ಸಾಹೇಬ್ರ. ವರ್ತುಲಕ್ಕ ಮೊದಲೂ ಇಲ್ಲ, ಕಡೀನೂ ಇಲ್ಲ."

ತರಗತಿಯಿಂದ ಹುಡುಗನೊಬ್ಬ ಕೈವಾರ ತಂದ. ಜಯತೀರ್ಥ ಕೈ ಚಾಚಲಿಲ್ಲ. ಹದಿನೈದು ವರ್ಷದ ಹಿಂದೆ ಬೆಂಚಿನಲ್ಲಿ ತಿರುಗುತ್ತಿದ್ದಂತೆ ಬಲಕ್ಕೆ ತಿರುಗಿದ. ದಾದಾಪೀರ ಆಗಲೇ ಮೊಣಕಾಲೂರಿ ಕೂತಿದ್ದ. ಮೊನೆ ಊರಿ, ನಾಲಿಗೆ ತುಟಿಯ ಮೂಲೆಯಲ್ಲಿ ಕಚ್ಚಿಕೊಂಡು, ಒಂದೇ ಸುತ್ತಿನಲ್ಲಿ ವರ್ತುಲ ಎಳೆದ.

ಇಬ್ಬರೂ ಗೆರೆಯ ಆ ಬದಿ, ಈ ಬದಿ ಸಹಿ ಮಾಡಿದರು. ಮೂಲ ಪ್ರತಿಯನ್ನು ಪುಂಡಲೀಕಪ್ಪ ಜೇಬಿಗಿಡಲು ಹೋದ. ಹುಚ್ಚೀರಪ್ಪ ಅದರ ಇನ್ನೊಂದು ಮೂಲೆ ಹಿಡಿದ. ಕೊನೆಗೆ ಸೋಮವಾರ ಬೆಂಗಳೂರಿನ ರೈಲಿಗೆ ಇಬ್ಬರೂ ಒಂದೇ ಡಬ್ಬಿಯಲ್ಲಿ ಕೂತು ಒಯ್ಯುವುದೆಂದು ಠರಾಯಿಸಿದರು. ಒಬ್ಬರನ್ನೊಬ್ಬರು ನಂಬದಿದ್ದರೆ ಬೇರೆ ದಾರಿ ಏನು?

ಇಳಿಯುವಾಗ ಪುಂಡಲೀಕಪ್ಪ ದಾದಾಪೀರನ ಕಿವಿ ಹಿಡಿದ. "ಮಗನ, ಇನ್ನ ಮುಂದ ನಮ್ಮ ಪಾರ್ಟಿ ಮೈಕು ಮುಟ್ಟಿದಿ ಅಂದ್ರ ನೋಡು."

"ನಮ್ಮದೂ ಮುಟ್ಟಬ್ಯಾಡ" ಅಂದ ಹುಚ್ಚೀರಪ್ಪ.

"ನೋಡ್ರಿ, ಎರಡೂ ಪಾರ್ಟಿ ಒಂದ ಮಾತು!" ಎಂದು ದಾದಾಪೀರ ಕೈ ಮುಗಿದ. ಕಿವಿ ಕೆಂಪಗಾಗಿತ್ತು. ಜೀಪುಗಳು ಹೋದ ಮೇಲೆ ಮೈಕಿನ ವಾಯರನ್ನು ಮೊಣಕೈಗೆ ಸುತ್ತತೊಡಗಿದ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದ. ಮುಂದಿನ ಚುನಾವಣೆಗೆ ಈ ವಾಯರು ಯಾರ ಕೈಯಲ್ಲಿರುತ್ತದೋ.

ಮೈದಾನ ಖಾಲಿಯಾಗಿತ್ತು. ಜಯತೀರ್ಥ ಕುರ್ಚಿಯಿಂದ ಎದ್ದಿರಲಿಲ್ಲ. ಮಾಶಾಕ ಟಾಂಗಾವನ್ನು ಸ್ಟೇಜಿಗೆ ತಾಗಿಸಿ ನಿಲ್ಲಿಸುತ್ತಿದ್ದ.

"ಬಾರೋ, ಹುಬ್ಬಳ್ಳಿ ಬಸ್ಸಿಗೆ ಹೊತ್ತಾಗತೈತಿ" ಎಂದ ದಾದಾಪೀರ. "ನಾನೂ ಬರತೇನಿ. ಹ್ಯಾಂಗೂ ಕೆಲಸ ಹೋಗೇತಿ."

ಜಯತೀರ್ಥ ನಕಲು ಪ್ರತಿಯನ್ನು ಬಿಸಿಲಿಗೆ ಎತ್ತಿ ಹಿಡಿದಿದ್ದ. ಕಾರ್ಬನ್ನಿನ ನೀಲಿ ವರ್ತುಲ, ಎರಡು ಬದಿ ಎರಡು ಸಹಿ, ನಟ್ಟನಡುವೆ ಕೈವಾರದ ಮೊನೆ ಮೂರೂ ಹಾಳೆ ದಾಟಿ ಚುಚ್ಚಿದ ಒಂದು ತೂತು. ಅದರೊಳಗಿಂದ ಸಾಸಿವೆಯಷ್ಟು ಬಿಸಿಲಿನ ಚುಕ್ಕೆಯೊಂದು, ಕೈವಾರ ಎಂದೂ ತಾಗದ ಅವನ ಅಂಗೈ ಮೇಲೆ ಬಿದ್ದಿತ್ತು. ಅವನು ಕೈಯನ್ನು ಹಿಂದಕ್ಕೆಳೆದುಕೊಳ್ಳದೆ ಅದನ್ನೇ ನೋಡುತ್ತ ಕೂತಿದ್ದ.